ಕವರ್ ಸಮೇತ ಹುಗಿದ ಪರಿಸರ ಪಾಠ

ಮಾನ್ಯರೇ,

ನಮ್ಮ ಬಡಾವಣೆಯ ಶಾಲೆಯ ಪರಿಸರ ದಿನಾಚರಣೆಯ ವರದಿ (ಜೂನ್ 6) ಓದಿದೆವು. 'ಮಕ್ಕಳಲ್ಲಿ ಪರಿಸರ ಪ್ರಜ್ಞೆ ಮೂಡಿಸಲಾಯಿತು' ಎಂದಿದೆ. ಫೋಟೊದಲ್ಲಿ ಒಂದು ಹೊಂಗೆ ಸಸಿಗೆ ಏಳು ಜನರ ಕೈ, ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸ್. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ ಬಿಡಿ, ಪಾಠ ಹೇಳುವವರಿಗೂ ಗೊತ್ತಿಲ್ಲವೇ?

ಫೋಟೊದಲ್ಲಿ ಬರದಿದ್ದನ್ನೂ ಬರೆಯಬೇಕಲ್ಲ. ಜಾಥಾ ಹೆಸರಲ್ಲಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ರಸ್ತೆ ಬಂದ್, ಕೆಲಸಕ್ಕೆ ಹೋಗುವವರಿಗೆ ಬಸ್ ತಪ್ಪಿತು. ಮಕ್ಕಳಿಗೆ ಹಂಚಿದ ನೀರಿನ ಪ್ಯಾಕೆಟ್‌ಗಳು ಚರಂಡಿ ಸೇರಿದವು. ರಾತ್ರಿ ಮಳೆ ಬಂದು ಚರಂಡಿ ಕಟ್ಟಿಕೊಂಡು ಮೂರು ಮನೆಗಳ ಮುಂದೆ ಕೊಳಚೆ. ಪ್ರಜ್ಞೆ ಮೂಡಿದ್ದು ನಮಗೆ!

ಹೊಂಗೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಬೇಕು, ತಳಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೇಕು. ಇಲ್ಲಿ ಗೇಣುದ್ದದ ಗುಂಡಿಯಲ್ಲಿ ಕಪ್ಪು ಕವರ್ ಹರಿಯದೆ ಹಾಗೇ ಹುಗಿದಿದ್ದಾರೆ. ಬೇರು ಒಳಗೊಳಗೇ ಸುತ್ತಿಕೊಂಡು ಗಿಡ ಸೊರಗುತ್ತದೆ. ಅಲ್ಲಿಯವರೆಗೂ ಉಳಿದರೆ ತಾನೇ! ಬೇಲಿ ಇಲ್ಲ, ಬೇಸಿಗೆ ರಜೆಯಲ್ಲಿ ಗೇಟಿಗೆ ಬೀಗ, ನೀರು ಹಾಕುವವರು ಯಾರು? ಹೋದ ವರ್ಷ ಸತ್ತ ಸಸಿಯ ಗುಂಡಿಯಲ್ಲೇ ಈ ವರ್ಷದ್ದು ಕೂತಿದೆ. ತೋಡುವ ಖರ್ಚು ಉಳಿಯಿತು.

ಕೇಳಿದರೆ ಮೇಷ್ಟ್ರುಗಳ ಉತ್ತರ ಸಿದ್ಧ: 'ಅದು ವಿಜ್ಞಾನದವರದ್ದು', 'ಪರೀಕ್ಷೆಗೆ ಬರಲ್ಲ', 'ಪೋರ್ಷನ್ ಮುಗೀಬೇಕಲ್ಲ ಸಾರ್'. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಐದನೇ ತರಗತಿವರೆಗೆ 'ಪರಿಸರ ಅಧ್ಯಯನ' ಎಂಬ ಪುಸ್ತಕವಾದರೂ ಇದೆ. ಆರಕ್ಕೆ ಬಂದರೆ ವಿಜ್ಞಾನ, ಸಮಾಜ ಎಂದು ಹಂಚಿಹೋಗಿ ಯಾರ ಪಾಲಿಗೂ ಇಲ್ಲ. ಗಣಿತದವರು ಚಾವಣಿಯ ಲೆಕ್ಕ ಮಾಡಿಸಬಾರದೇ? 50 ಚದರ ಮೀಟರ್ ಚಾವಣಿ, 10 ಮಿ.ಮೀ. ಮಳೆ: 500 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 400. ಲೆಕ್ಕ ಮುಗಿಸಿ ಮಕ್ಕಳು ಹೊರಗೆ ಬಂದರೆ ಶಾಲೆಗಳಲ್ಲಿ ಮಳೆನೀರು ಹಿಡಿಯಲೆಂದು ಸರ್ಕಾರ ತಂದ ಸುವರ್ಣ ಜಲ ಯೋಜನೆಯ ಪೈಪು ಮುರಿದು ನೇತಾಡುತ್ತಿದೆ, ತೊಟ್ಟಿಯೊಳಗೆ ಮುರಿದ ಬೆಂಚು.

ಗೊಬ್ಬರದ ಗುಂಡಿಯದೂ ಇದೇ ಕಥೆ. ಬಿಸಿಯೂಟದ ಒಂದು ಬುಟ್ಟಿ ತರಕಾರಿ, ಬಾಳೆಹಣ್ಣಿನ ಸಿಪ್ಪೆಗೆ ಎರಡು ಮೂರು ಬುಟ್ಟಿ ತರಗೆಲೆ ಹಾಕಿ ವಾರಕ್ಕೊಮ್ಮೆ ತಿರುವಿದರೆ ಮೂರು ತಿಂಗಳಿಗೆ ಗೊಬ್ಬರ. ಇವರು ತರಗೆಲೆಗೆ ಬೆಂಕಿ ಹಚ್ಚಿ, ಮಿಕ್ಕ ಅನ್ನ ಸಾಂಬಾರನ್ನಷ್ಟೇ ಗುಂಡಿಗೆ ಸುರಿದರು. ಗಾಳಿಯಾಡದೆ ಕೊಳೆತು ನಾರಿತು, ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆಯುವಂತಿರಲಿಲ್ಲ. ಕೊನೆಗೆ ಗುಂಡಿಯನ್ನೇ ಮುಚ್ಚಿದರು.

ಮೇಷ್ಟ್ರುಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಸುತ್ತೋಲೆ ಕಳಿಸುವವರಿಗೆ ಬೇಕಿರುವುದು ಅವತ್ತೇ ಅಪ್‌ಲೋಡ್ ಆಗುವ ಫೋಟೊ, ಸಸಿ ಬದುಕಿತೇ ಎಂದು ಮಾರ್ಚ್‌ನಲ್ಲಿ ಕೇಳುವವರಿಲ್ಲ. 2025ರ ದಸರಾ ರಜೆಯಲ್ಲಿ ಶಿಕ್ಷಕರನ್ನು ಮನೆಮನೆ ಸಮೀಕ್ಷೆಗೆ ಅಟ್ಟಿದ್ದೂ ಇದೇ ಸರ್ಕಾರಿ ವ್ಯವಸ್ಥೆ. ಇನ್ನು ಕಸದ ಗಾಡಿ! ತರಗತಿಯಲ್ಲಿ ಹಸಿಕಸ, ಒಣಕಸ ಬೇರೆ ಮಾಡಲು ಕಲಿಸುತ್ತಾರೆ, ಗಾಡಿಯವರು ಮಕ್ಕಳ ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿಯುತ್ತಾರೆ. ಬೀದಿದೀಪ, ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಬಗ್ಗೆ ಅರ್ಜಿ ಕೊಟ್ಟು ಸುಸ್ತಾಗಿದೆ.

ಸಂಬಂಧಪಟ್ಟವರು ಕೂಡಲೇ ಶಿಕ್ಷಕರಿಗೆ ತರಬೇತಿ ಕೊಡಲಿ, ಇಲ್ಲವೇ ಈ ದಿನಾಚರಣೆಯನ್ನೇ ನಿಲ್ಲಿಸಲಿ. ಅದಕ್ಕೂ ಮೊದಲು ಚರಂಡಿ ತೆಗೆಸಲಿ. ಫ್ಲೆಕ್ಸ್ ಇನ್ನೂ ಗೇಟಿನ ಮೇಲೇ ಇದೆ.

– ನೊಂದ ನಿವಾಸಿಗಳು