ಮೆಳ್ಳಗಣ್ಣಿನ ಆಪರೇಷನ್: ಮತ್ತು (ಅನಸ್ತೇಶಿಯಾ) ಕೊಡೋ ಡಾಕ್ಟರ್ ಮುಂಚೇನ ಸಿಗ್ಲಿ

ಸಂಪಾದಕರಿಗೆ ನಮಸ್ಕಾರ,

ಮೆಳ್ಳಗಣ್ಣು ಅದೃಷ್ಟ ಅಂತ ಮಕ್ಕಳನ್ನ ಹಂಗ ಬಿಡೋರು ನಮ್ಮ ಗಂಗಾವತಿ, ಕಾರಟಗಿ ಕಡೆ ಇನ್ನೂ ಅದಾರ. ತೋರ್ಸಾಕ ಹೋದೋರೂ ಆಪರೇಷನ್ ಅಂದ ಕೂಡ್ಲೇ ಕಣ್ಣಿನ ಮಾತು ಬಿಟ್ಟು ಮತ್ತಿನ ಮಾತು ಎತ್ತತಾರ. ನನ್ನ ಮಗಳಿಗೆ ಮಾಡ್ಸುವಾಗ ನಮ್ಮತ್ತಿ ಕೇಳಿದ್ದೂ ಅದನ್ನ, "ನನಗ ಪೊರಿ ತಗ್ಯಾಗ ಕಣ್ಣಿಗಷ್ಟ ಮತ್ತು ಕೊಟ್ರಲ್ಲ, ಈ ಕೂಸಿಗ್ಯಾಕ ಪೂರ್ತಿ?"

ಕೇಳೋದ್ರಾಗ ತಪ್ಪಿಲ್ಲ. ಆದ್ರ ಇಲ್ಲಿ ಕಣ್ಣಿನ ಗುಡ್ಡಿಗೆ ಅಂಟ್ಕೊಂಡಿರೋ ಸ್ನಾಯುನ ಕೊಕ್ಕಿ ಹಾಕಿ ಎಳದು, ಬಿಡಿಸಿ, ಬ್ಯಾರೆ ಜಾಗದಾಗ ಹೊಲಿತಾರ, ದೊಡ್ಡೋರು ತಡ್ಕೊಂಡು ಮಲಗಬಹುದು, ನಾಕು ವರ್ಷದ ಹುಡುಗಿ ಅಲುಗಾಡದಂಗ ಹೆಂಗ ಇದ್ದಾಳು? ಅದೂ ಅಲ್ದ ಸ್ನಾಯು ಎಳದಾಗ ಕೆಲವು ಮಕ್ಕಳ ಎದಿಬಡಿತ ಒಮ್ಮೆಲೇ ನಿಧಾನ ಆಗ್ತೈತಿ, ಇದು 1908ರಿಂದಾನೂ ಡಾಕ್ಟರ್‌ಗಳಿಗೆ ಗೊತ್ತಿರೋ ಸಂಗತಿ. ಸರ್ಜನ್ ಕೈ ಸಡ್ಲ ಬಿಟ್ರ ಬಹಳ ಸಲ ತಾನಾಗೇ ಸರಿಹೋಗ್ತೈತಿ, ಇಲ್ಲಾಂದ್ರ ಎದಿಬಡಿತ ಏರ್ಸೋ ಅಟ್ರೋಪಿನ್ ಅನ್ನೋ ಔಷಧಿ ಕೊಡ್ತಾರ. ಅದಕ್ಕ ಮಾನಿಟರ್ ನೋಡ್ಕೊಂತ ಕುಂದ್ರೋ ಅನಸ್ತೇಶಿಯಾ ಡಾಕ್ಟರ್ ಬೇಕ ಬೇಕು.

ಮತ್ತು ಕೊಟ್ರ ಕೂಸಿನ ಬುದ್ಧಿ ಮಂದ ಆಗ್ತೈತಿ ಅನ್ನೋ ಹೆದರಿಕಿಗೂ ಒಂದ್ ಮಾತು. 2016ರಾಗ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕಿ ಕೊಟ್ಟಿದ್ದು 3 ವರ್ಷದೊಳಗಿನ ಮಕ್ಕಳಿಗೆ 3 ತಾಸಿಗಿಂತ ಜಾಸ್ತಿ ಅಥವಾ ಮತ್ತೆ ಮತ್ತೆ ಮತ್ತು ಕೊಡೋ ಬಗ್ಗೆ, ಮೆಳ್ಳಗಣ್ಣಿಂದು ಸಾಮಾನ್ಯವಾಗಿ ಅಷ್ಟೊತ್ತು ಹಿಡಿಯಂಗಿಲ್ಲ.

ನನ್ನ ತಕರಾರು ಬ್ಯಾರೇನ ಐತಿ. ಯಾವ ಮತ್ತು ಅನ್ನೋದ್ರಾಗೂ ಆಯ್ಕೆ ಇರ್ತಾವ. ಮೂಗಿಗೆ ಮಾಸ್ಕ್ ಇಟ್ಟು ಸೆವೋಫ್ಲೂರೇನ್ ಗ್ಯಾಸ್ ಕೊಟ್ರ ಸೂಜಿ ಕಂಡು ಅಳೋದು ತಪ್ತೈತಿ, ಆದ್ರ ಎದ್ದ ಮ್ಯಾಲೆ ಕೆಲವು ಮಕ್ಕಳು ಅವ್ವನ ಗುರುತೂ ಹಿಡೀದ ಒದ್ದಾಡ್ತಾವ. ನರದಾಗ ಪ್ರೊಪೊಫಾಲ್ ಅನ್ನೋ ಮತ್ತಿನ ಔಷಧಿ ಹರಿಸಿದ್ರ ವಾಂತಿ ಕಮ್ಮಿ, ಆದ್ರ ಆ ಎದಿಬಡಿತ ಇಳಿಯೋದು ಸ್ವಲ್ಪ ಜಾಸ್ತಿ. ತೂಗಿ ನೋಡೋದು ಡಾಕ್ಟರ್ ಕೆಲಸ, ಒಪ್ತೀನಿ, ಆದ್ರ ತೂಗಾಕ ಬೇಕಾದ ಸುದ್ದಿ ನಮ್ಮ ಹತ್ರ ಇರ್ತೈತಲ್ರಿ! ಕೂಸಿಗೆ ಹೋದ ವಾರ ನೆಗಡಿ ಇತ್ತೇನು, ತಂದಿ ತಾಯಿಗೆ ಆಪರೇಷನ್ ಆದಾಗ ವಾಂತಿ ಆಗಿತ್ತೇನು, ಮನಿತನದಾಗ ಯಾರಿಗರ ಮತ್ತು ಕೊಟ್ಟಾಗ ಮೈ ಕೆಂಡದಂಗ ಸುಟ್ಟು ಜೀವಕ್ಕ ಬಂದಿತ್ತೇನು. ಇದನ್ನೆಲ್ಲಾ ನಮ್ಮನ್ನ ಯಾರು, ಯಾವಾಗ ಕೇಳಿದ್ರು? ಆಪರೇಷನ್ ಥಿಯೇಟರ್ ಬಾಗಲದಾಗ, ಕೂಸು ಕಂಕುಳಾಗ ಚೀರ್ತಿರುವಾಗ, ಇಂಗ್ಲಿಷ್ ಫಾರ್ಮ್ ಮುಂದಿಟ್ಟು ಇಲ್ಲಿ ಸೈನ್ ಮಾಡ್ರಿ ಅಂದ್ರು. ಮತ್ತು ಕೊಡೋ ಡಾಕ್ಟರ್ ಮುಖ ನೋಡಿದ್ದೂ ಅಲ್ಲೇ. ಸಂಜಿತನ ಮಗಳು ವಾಂತಿ ಮಾಡಿದಾಗ ನಮ್ಮ ಜೀವ ಬಾಯಿಗೆ ಬಂದಿತ್ತು, ಆಮ್ಯಾಲೆ ಸಿಸ್ಟರ್ ಹೇಳಿದ್ರು, ಈ ಆಪರೇಷನ್‌ನಾಗ ಇದು ಭಾಳ ಕಾಮನ್ ಅಂತ. ಮುಂಚೆ ಹೇಳಿದ್ರ ಗಂಟ ಏನ್ ಹೋಗ್ತಿತ್ತು?

ಉಪಾಸದ್ದೂ ಹಂಗ. ಊಟಕ್ಕ 6 ತಾಸು, ತಾಯಿ ಹಾಲಿಗೆ 4, ಬರೇ ನೀರಿಗೆ 2 ತಾಸು ಬಿಡುವು ಇದ್ರ ಸಾಕು ಅನ್ನೋದು ಬಹಳ ಕಡೆ ನಡ್ಕೊಂಡು ಬಂದಿರೋ ನಿಯಮ, ನಮಗ ಮಾತ್ರ ರಾತ್ರಿಯಿಂದ ಏನೂ ಕೊಡಬ್ಯಾಡ್ರಿ ಅಂದು ಮಧ್ಯಾಹ್ನ ಒಳಗ ಕರದ್ರು. ಏಪ್ರಿಲ್ ಬಿಸಲಾಗ!

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದಾಗ ಸರ್ಕಾರಿ ಮೆಡಿಕಲ್ ಕಾಲೇಜ್ ಅದಾವ. ಆಪರೇಷನ್ ಹಿಂದಿನ ದಿನ ಅನಸ್ತೇಶಿಯಾ ಡಾಕ್ಟರ್ ಪಾಲಕರ ಜೊತಿ ಕುಂತು ಮಾತಾಡೋದು, ಫಾರ್ಮ್ ಕನ್ನಡದಾಗ ಕೊಡೋದು, ಲಿಸ್ಟಿನಾಗ ಸಣ್ಣ ಮಕ್ಕಳನ್ನ ಮೊದಲು ತಗೊಳ್ಳೋದು, ಇಷ್ಟನ್ನ ಸರ್ಕಾರಿ, ಪ್ರೈವೇಟ್ ಅನ್ನದ ಎಲ್ಲಾ ಆಸ್ಪತ್ರಿಗೂ ಕಡ್ಡಾಯ ಮಾಡ್ರಿ ಅಂತ ಆರೋಗ್ಯ ಇಲಾಖೆಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಂತೀನಿ.

– ಒಬ್ಬ ಪಾಲಕ, ಗಂಗಾವತಿ