ಬೌಲಿಯಾದ ಒಂಟೆ ರೇಸಿಗೆ ಹೊರಟ ಮಗಳಿಗೆ

ಪುಟ್ಟೀ,

ನಾಲ್ಕೂ ಜನ ಸೇರಿ ಆಸ್ಟ್ರೇಲಿಯಾದ ಒಳನಾಡಿನ ಬೌಲಿಯಾಗೆ ಹೊರಟಿದ್ದೀರಿ, ಸಂತೋಷ. ಮೊದಲು ಒಂದು ಲೆಕ್ಕ ಹಾಕಿಕೋ. ಅಲ್ಲಿನ ಕಪ್ ರೇಸು 1500 ಮೀಟರ್. ಒಂಟೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿದರೆ ಎರಡೂಕಾಲು ನಿಮಿಷಕ್ಕೆ ಎಲ್ಲ ಮುಗಿಯಿತು. ಅದಕ್ಕಾಗಿ ಟೌನ್ಸ್‌ವಿಲ್‌ನಿಂದ ಹೋಗಿಬರಲು ಸುಮಾರು 1900 ಕಿ.ಮೀ., ಟೆಂಟಿನಲ್ಲಿ ಮೂರು ರಾತ್ರಿ. ಹಾಗಾಗಿ ಈ ಪತ್ರದಲ್ಲಿ ಒಂಟೆಗಿಂತ ರಸ್ತೆ, ನೀರು, ಚಳಿಯ ಮಾತೇ ಜಾಸ್ತಿ.

ಗುರುವಾರ ಹ್ಯೂಗೆಂಡನ್ ಮೇಲೆ ವಿಂಟನ್‌ಗೆ ಹೋಗಿ ರಾತ್ರಿ ಅಲ್ಲೇ ಉಳಿಯಿರಿ. ಶುಕ್ರವಾರದ 363 ಕಿ.ಮೀ. ಹಾದಿಯಲ್ಲಿ ಊರು ಅನ್ನುವಂಥದ್ದು ಇಲ್ಲವೇ ಇಲ್ಲ. ಮಧ್ಯೆ ಮಿಡಲ್‌ಟನ್‌ನಲ್ಲಿ ಒಂದು ಹಳೇ ಹೋಟೆಲ್ ಇದೆ, ಪೆಟ್ರೋಲಿಗೆ ಅದನ್ನು ನಂಬಬೇಡ. ವಿಂಟನ್‌ನಲ್ಲೇ ಟ್ಯಾಂಕ್ ತುಂಬಿಸು. ಸಾಮಾನು ಹೇರಿದ ಫೋರ್‌ವ್ಹೀಲ್ ಗಾಡಿ ನೂರು ಕಿ.ಮೀ.ಗೆ 13 ಲೀಟರ್ ಕುಡಿದರೆ ಒಂದು ಕಡೆಗೆ 47 ಲೀಟರ್ ಬೇಕು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಆಗ್ನೇಯದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗಿದ್ದದ್ದು ವಾಪಸು ಬರುವಾಗ ಮುಖಕ್ಕೆ ಹೊಡೆಯುತ್ತದೆ, ಆಗ ಖರ್ಚು ಇನ್ನೂ ಏರುತ್ತದೆ. ಬೌಲಿಯಾ ಮುಟ್ಟಿದ ತಕ್ಷಣ, ಶುಕ್ರವಾರವೇ, ಮತ್ತೆ ತುಂಬಿಸಿಬಿಡು. ಸೋಮವಾರ ಬೆಳಿಗ್ಗೆ ಇಡೀ ಜಾತ್ರೆ ಪಂಪಿನ ಮುಂದೆ ಸಾಲುಗಟ್ಟಿರುತ್ತದೆ.

ಆ ಕಡೆ ಕೆಲವು ಕಡೆ ಡಾಂಬರು ಒಂದೇ ಗಾಡಿಯಷ್ಟು ಅಗಲ. ಎದುರಿನಿಂದ ರೋಡ್ ಟ್ರೈನ್ ಬಂದರೆ ಅರ್ಧ ಡಾಂಬರು ಅರ್ಧ ಮಣ್ಣು ಅಂತ ಚೌಕಾಸಿ ಬೇಡ. ನಿಧಾನ ಮಾಡಿ, ನಾಲ್ಕೂ ಚಕ್ರ ಎಡಗಡೆ ಮಣ್ಣಿಗಿಳಿಸಿ ನಿಂತುಬಿಡು. ಅದು 53.5 ಮೀಟರ್ ಉದ್ದದ ಲಾರಿ. ಅದರ ಹಿಂದಿನ ಟ್ರೇಲರ್ ಮಣ್ಣಿಗಿಳಿದರೆ ನಿನ್ನ ಗಾಜಿಗೆ ಕಲ್ಲಿನ ಮಳೆ. ಹಿಂದೆ ಹಾಕುವುದಾದರೆ ಮುಂದೆ ಒಂದೂವರೆ ಎರಡು ಕಿ.ಮೀ. ಖಾಲಿ ಕಾಣಬೇಕು. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋ 40ನೇ ಚಾನೆಲ್‌ನಲ್ಲಿರಲಿ, ಡ್ರೈವರನನ್ನು ಕೇಳಿದರೆ ಹೇಳುತ್ತಾನೆ. ಸಂಜೆ ಐದರ ಮೇಲೆ, ಬೆಳಿಗ್ಗೆ ಎಂಟರೊಳಗೆ ಗಾಡಿ ಓಡಿಸಲೇಬೇಡಿ, ಕಾಂಗರೂಗಳು ರಸ್ತೆಗೆ ಬರುವ ಹೊತ್ತು ಅದು. ಅಡ್ಡ ಬಂದರೆ ಸ್ಟೀರಿಂಗ್ ತಿರುಗಿಸಬೇಡ, ನೇರವಾಗಿ ಬ್ರೇಕ್ ಒತ್ತು. ಜನ ಸಾಯುವುದು ಕಾಂಗರೂ ಹೊಡೆದು ಅಲ್ಲ, ತಪ್ಪಿಸಲು ಹೋಗಿ ಗಾಡಿ ಮಗುಚಿ.

ಹೊರಡುವ ಮುಂಚೆ ಸ್ಟೆಪ್ನಿಯ ಗಾಳಿ ನೋಡು. ಎಲ್ಲರೂ ನಾಲ್ಕು ಚಕ್ರ ನೋಡಿ ಐದನೆಯದನ್ನು ಮರೆಯುತ್ತಾರೆ. ಜಾಕ್ ಕೆಳಗಿಡಲು ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡು ಇಟ್ಟುಕೋ, ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಗಾಡಿ ಏಳುವ ಬದಲು ಜಾಕ್ ಇಳಿಯುತ್ತದೆ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸು. ಚಕ್ರ ಬದಲಿಸಿ 50 ಕಿ.ಮೀ. ಹೋದ ಮೇಲೆ ಇಳಿದು ಇನ್ನೊಂದು ಸಲ ಬಿಗಿ ಮಾಡು.

ಮಳೆ ಬಂದರೆ ಪ್ರವಾಸ ರದ್ದು, ವಾದ ಬೇಡ. ಅಲ್ಲಿನ ಜಿಗುಟು ಮಣ್ಣು ನಮ್ಮ ಎರೆ ಹೊಲದ ಹಾಗೆಯೇ, ಚಕ್ರಕ್ಕೆ ಅಂಟಿ ಮಡ್‌ಗಾರ್ಡ್ ತುಂಬಿ ಗಾಡಿ ನಿಂತೇ ಹೋಗುತ್ತದೆ. ಮುಚ್ಚಿದ ರಸ್ತೆಗೆ ನುಗ್ಗಿದರೆ ದಂಡ ಬೇರೆ.

ನೀರು: ತಲೆಗೆ ದಿನಕ್ಕೆ ಎಂಟು ಲೀಟರ್. ಅದರಲ್ಲಿ ಐದು ಕುಡಿಯಲು, ಮೂರು ಅಡುಗೆ, ಮುಖ, ಪಾತ್ರೆಗೆ. ನಾಲ್ವರಿಗೆ ಮೂರು ದಿನಕ್ಕೆ 96, ಅಂದರೆ 20 ಲೀಟರಿನ ಐದು ಕ್ಯಾನ್. ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಬೇಡ, ಒಂದು ಬಿರುಕು ಬಿಟ್ಟರೆ ಎಲ್ಲ ಹೋಯಿತು. ನೂರು ಕೆ.ಜಿ. ಭಾರವನ್ನು ಗಾಡಿಯ ತಲೆಯ ಮೇಲೆ ಹೇರಲೂಬೇಡ, ಒಳಗೆ ಕೆಳಗಡೆ ಇರಲಿ. ಗಾಡಿ ಕೆಟ್ಟರೆ ಅದರ ನೆರಳು ಬಿಟ್ಟು ನಡೆದು ಹೋಗಬಾರದು. ಮೇಲಿನಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ದಾರಿಯುದ್ದಕ್ಕೂ ಫೋನ್ ಸಿಗುವುದಿಲ್ಲ; ಉಪಗ್ರಹದ ಮೂಲಕ ನೆರವಿಗೆ ಕರೆ ಕಳಿಸುವ ಆಪತ್ತಿನ ಬೀಕನ್ ಬಾಡಿಗೆಗೆ ಸಿಗುತ್ತದೆ, ತೆಗೆದುಕೋ.

ಟೆಂಟ್ ಜೊತೆ ಬರುವ ತೆಳು ಗೂಟಗಳು ಆ ಒಣಗಿದ ಜೇಡಿಯಲ್ಲಿ ಹೇರ್‌ಪಿನ್ ಹಾಗೆ ಬಗ್ಗುತ್ತವೆ. ಒಂದಡಿ ಉದ್ದದ ಉಕ್ಕಿನ ಗೂಟ, ಒಂದು ಕೆ.ಜಿ. ಸುತ್ತಿಗೆ ಬೇಕು. ಗೂಟದ ತಲೆ ಟೆಂಟಿನಿಂದ ಆಚೆ ವಾಲಿರುವಂತೆ ಹೊಡೆ. ಬಾಗಿಲು ಗಾಳಿಗೆ ಬೆನ್ನಾಗಿ, ವಾಯವ್ಯಕ್ಕೆ. ಹೊಳೆ ಬದಿಯ ದೊಡ್ಡ ನೀಲಗಿರಿ ಮರದ ಕೆಳಗೆ ನೆರಳಿದೆ ಅಂತ ಟೆಂಟ್ ಹಾಕಬೇಡಿ, ಗಾಳಿಯಿಲ್ಲದಾಗಲೂ ಅವು ಕೊಂಬೆ ಉದುರಿಸುತ್ತವೆ. ನೆಲ ಗುಡಿಸದೆ ಹಾಸಬೇಡ. ನಮ್ಮೂರಿನ ನೆಗ್ಗಿಲು ಮುಳ್ಳು ಅಲ್ಲೂ ಇದೆ, ಗಾಳಿ ಹಾಸಿಗೆಯನ್ನು ರಾತ್ರಿ ಎರಡು ಗಂಟೆಗೆ ಚಪ್ಪಟೆ ಮಾಡಿಬಿಡುತ್ತದೆ.

ಹಗಲು 24 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ ಒಂದಂಕಿಗೆ ಇಳಿಯುತ್ತದೆ. ಮೇಲೆ ಎರಡು ರಗ್ಗು ಹೊದ್ದು ನಡುಗುವವರನ್ನು ನೋಡು, ಚಳಿ ಅವರಿಗೆ ಕೆಳಗಿನಿಂದ ಬರುತ್ತಿರುತ್ತದೆ. ಗಾಳಿ ಹಾಸಿಗೆಯೊಳಗಿನ ಗಾಳಿಯೇ ತಣ್ಣಗಾಗಿ ಬೆನ್ನಿನ ಶಾಖ ಎಳೆಯುತ್ತದೆ. ಎರಡರಲ್ಲಿ ಒಂದು ರಗ್ಗನ್ನು ಅಡಿಗೆ ಹಾಸು. ಬ್ಯೂಟೇನ್ ಸ್ಟೌವ್ ಆ ಚಳಿಯಲ್ಲಿ ಸರಿಯಾಗಿ ಉರಿಯುವುದಿಲ್ಲ; ಬೆಳಿಗ್ಗೆ ಕಾಫಿ ಬೇಕಿದ್ದರೆ ಡಬ್ಬಿಯನ್ನು ಅರ್ಧ ಗಂಟೆ ಜಾಕೆಟ್ಟಿನೊಳಗೆ ಇಟ್ಟುಕೋ. ಅದರ ಮೇಲೆ ಅಗಲದ ಕಾವಲಿ ಇಟ್ಟು ದೋಸೆ ಹಾಕುವ ಆಸೆ ಬೇಡ, ಶಾಖ ಡಬ್ಬಿಯ ಕಡೆಗೆ ತಿರುಗಿ ಸಿಡಿಯಬಹುದು. ಟೆಂಟಿನೊಳಗಂತೂ ಹಚ್ಚಲೇಬಾರದು. ಊಟಕ್ಕೆ ಗೊಜ್ಜವಲಕ್ಕಿ, ಹುರಿದ ರವೆ, ಚಟ್ನಿಪುಡಿ ಸಾಕು, ತೊಳೆಯುವ ಪಾತ್ರೆ ಕಡಿಮೆ.

ಇನ್ನು ಒಂಟೆ. ಅಲ್ಲಿ ರೇಸು ಶುರುವಾದದ್ದು 1997ರಲ್ಲಿ, ಆದರೆ ಒಂಟೆಗಳ ಕಥೆ ಹಳೆಯದು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಈ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟಾಗ ಹಿಂದೂಸ್ತಾನದಿಂದ ತರಿಸಿದ ಒಂಟೆಗಳು ಜೊತೆಗಿದ್ದವು. ಬೌಲಿಯಾ ಪಕ್ಕದ ನದಿಗೆ ಆ ಬರ್ಕನ ಹೆಸರೇ. ಬಲೂಚಿ, ಪಂಜಾಬಿ ಅಂತ ನೋಡದೆ ಒಂಟೆ ನಡೆಸುವವರೆಲ್ಲರನ್ನೂ ಇಲ್ಲಿನವರು ‘ಅಫ್ಘನ್’ ಅಂದುಬಿಟ್ಟರು. ಮೋಟಾರು ಬಂದ ಮೇಲೆ ಕಾಡಿಗೆ ಬಿಟ್ಟ ಒಂಟೆಗಳ ಸಂತಾನ ಈಗ ಓಡುವುದು.

ಜುಲೈ ಅಂದರೆ ಗಂಡು ಒಂಟೆಗೆ ಬೆದೆಯ ಕಾಲ. ಬಾಯಲ್ಲಿ ನೊರೆ, ಹಲ್ಲು ಮಸೆಯುವ ಸದ್ದು, ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಬಲೂನಿನಂಥದ್ದು ಹೊರಗೆ ಜೋತಾಡಿದರೆ ಫೋಟೋಗೆ ಹತ್ತಿರ ಹೋಗಬೇಡ, ಅದು ಕಚ್ಚಿದರೆ ಮೂಳೆ ಮುರಿಯುತ್ತದೆ. ಹಿಂದಿನಿಂದ ಅಷ್ಟೇ ಅಲ್ಲ, ಪಕ್ಕಕ್ಕೂ ಒದೆಯುತ್ತದೆ. ಸವಾರಿಗೆ ಕೂತರೆ ಇದೊಂದು ನೆನಪಿರಲಿ: ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೆ. ಎರಡು ಸಲವೂ ನೀನು ಮುಂದಕ್ಕೆ ಚಿಮ್ಮುತ್ತೀಯ, ಆದ್ದರಿಂದ ಎರಡು ಸಲವೂ ಹಿಂದಕ್ಕೆ ವಾಲಿ ಕೂರು.

ರೇಸಿನಲ್ಲಿ ಸವಾರ ಡುಬ್ಬದ ಹಿಂದೆ ಕೂರುತ್ತಾನೆ. ಒಂದು ಬದಿಯ ಎರಡೂ ಕಾಲು ಒಟ್ಟಿಗೆ, ಆಮೇಲೆ ಇನ್ನೊಂದು ಬದಿಯವು: ಆ ನಡಿಗೆಯಿಂದ ದೋಣಿಯಲ್ಲಿದ್ದ ಹಾಗೆ ಎಡಕ್ಕೂ ಬಲಕ್ಕೂ ತೂಗಾಟ. ಮುಂದಿದ್ದದ್ದು ಮನಸ್ಸು ಬದಲಿಸಿ ನಿಲ್ಲಬಹುದು, ತಿರುಗಿ ಬಂದ ದಾರಿಗೇ ಓಡಬಹುದು. ಪಣ ಕಟ್ಟುವುದಾದರೆ ಕಾಫಿಗಷ್ಟೇ ಕಟ್ಟು.

ರಾತ್ರಿ ದೂರದಲ್ಲಿ ಒಂದು ಬೆಳಕು ತೇಲಿದರೆ ಹೆದರಬೇಡ. ಅದಕ್ಕೆ ಮಿನ್ ಮಿನ್ ಅನ್ನುತ್ತಾರೆ, ನಮ್ಮ ಕೊಳ್ಳಿದೆವ್ವದ ನೆಂಟ. ಪೆಟಿಗ್ರೂ ಎಂಬ ವಿಜ್ಞಾನಿ ಅದನ್ನು ಮರೀಚಿಕೆ ಅಂದರು: ನೆಲದ ಹತ್ತಿರದ ತಣ್ಣನೆ ಗಾಳಿಯ ಪದರ ಬಾಗಿಸಿ ತಂದ, ಎಲ್ಲೋ ದೂರದ ದೀಪ.

ಸೋಮವಾರ ಎಂಟೂವರೆಗೆ ಹೊರಟರೆ ಮಧ್ಯಾಹ್ನ ಎರಡರೊಳಗೆ ವಿಂಟನ್. ಮುಟ್ಟಿದ ತಕ್ಷಣ ಫೋನ್ ಮಾಡು. ಆರು ಗಂಟೆವರೆಗೆ ಬರದಿದ್ದರೆ ಅಲ್ಲಿನ ಪೊಲೀಸರಿಗೆ ಗಾಡಿಯ ನಂಬರ್ ಕೊಡುತ್ತೇನೆ. ಹಾಗಾಗಿ ಮರೆತು ಐಸ್‌ಕ್ರೀಮ್ ತಿನ್ನುತ್ತ ಕೂರಬೇಡಿ.

ಅಮ್ಮ