ರೈತ ಸಂಘದ ಸದಸ್ಯರೂ ಆಗಿರುವ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮ್ಮ ಸದಸ್ಯತ್ವದ ರಸೀದಿ ಬರೆದವನು ನಾನು. ನಿಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ಚುನಾವಣೆಗೆ ಇನ್ನೂ ನಾಲ್ಕು ತಿಂಗಳಿತ್ತು. ಸಂಜೆ ಹೊತ್ತು, ಕರೆಂಟ್ ಹೋಗಿತ್ತು. ಅರಳಿಕಟ್ಟೆ ಮೇಲೆ ಕೂತು, ಯಾರೋ ಹಿಡಿದ ಮೊಬೈಲ್ ಬೆಳಕಿನಲ್ಲಿ ರಸೀದಿ ಪುಸ್ತಕ ಬಿಚ್ಚಿದೆ. ಕಾರ್ಬನ್ ಹಾಳೆ ಸವೆದಿತ್ತು. ಕೆಳಗಿನ ಪ್ರತಿಗೂ ಅಕ್ಷರ ಮೂಡಲಿ ಅಂತ ಒತ್ತಿ ಒತ್ತಿ ಬರೆದೆ. ವೃತ್ತಿ ಅಂತ ಇದ್ದ ಕಡೆ ಏನು ಬರೆಯಲಿ ಎಂದು ಕೇಳಿದೆ. "ಬೇಸಾಯ ಅಂತಲೇ ಬರೀರಿ" ಎಂದಿರಿ. ಬರೆದೆ. ಸದಸ್ಯರ ಪುಸ್ತಕ ಮುಂದಿಟ್ಟಾಗ ನಿಂತೇ ಸಹಿ ಹಾಕಿದಿರಿ. ನಿಮ್ಮ ಸಹಿಯ ಮೇಲಿನ ಸಾಲಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತಿದೆ. ಆಮೇಲೆ ನಮ್ಮ ಹಿರಿಯರೊಬ್ಬರು ತಮ್ಮ ಹೆಗಲ ಮೇಲಿದ್ದ ಹಸಿರು ಶಾಲನ್ನೇ ತೆಗೆದು ನಿಮಗೆ ಹೊದಿಸಿದರು. ಅವತ್ತು ನಾವು ಹೊಸದು ತಂದಿರಲಿಲ್ಲ.

ಈಗ ಹಸಿರು ಶಾಲಿಲ್ಲದ ನಿಮ್ಮ ಫೋಟೋ ಸಿಗುವುದೇ ಕಷ್ಟ. ಗುದ್ದಲಿ ಪೂಜೆಯಲ್ಲಿ, ಜಾತ್ರೆಯ ಫ್ಲೆಕ್ಸ್‌ನಲ್ಲಿ, ಪಕ್ಷದ ಸಮಾವೇಶದ ವೇದಿಕೆ ಮೇಲೆ, ಎಲ್ಲಾ ಕಡೆ ಇದೆ. ಆದರೆ ಸಂಘದ ಸಭೆಗೆ ಮಾತ್ರ ನೀವು ಒಂದು ದಿನವೂ ಬಂದಿಲ್ಲ. ಹಾಜರಿ ಪುಸ್ತಕ ನನ್ನ ಹತ್ತಿರವೇ ಇರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ನಿಮ್ಮನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅಂತ ನಮ್ಮಲ್ಲಿ ಎರಡು ಸಭೆ ಜಗಳ ಆಗಿತ್ತು. ಇದು ನಿಮಗೆ ಗೊತ್ತಿಲ್ಲ. ಬೇಡ ಅಂದವರೇ ಜಾಸ್ತಿ ಇದ್ದರು. "ಶಾಲು ಕೊಟ್ಟರೆ ವಾಪಸ್ ಬರಲ್ಲ ತಮ್ಮಾ" ಎಂದು ಒಬ್ಬ ಹಿರಿಯರು ನನ್ನ ಕೈ ಹಿಡಿದು ಹೇಳಿದರು. ಉತ್ತರ ಪ್ರದೇಶದಲ್ಲಿ ರೈತ ನಾಯಕ ಮಹೇಂದ್ರ ಸಿಂಗ್ ಟಿಕಾಯತ್ ರಾಜಕಾರಣಿಗಳನ್ನು ವೇದಿಕೆ ಹತ್ತಲು ಬಿಡುತ್ತಿರಲಿಲ್ಲ ಎಂದು ನೆನಪಿಸಿದರು. 2020ರಲ್ಲಿ ದೆಹಲಿ ಗಡಿಯಲ್ಲಿ ಕೂತ ರೈತರು ಕೂಡ ಪಕ್ಷದವರಿಗೆ ತಮ್ಮ ವೇದಿಕೆ ಕೊಡಲಿಲ್ಲ ಅಲ್ವಾ ಎಂದು ಹುಡುಗರು ದನಿಗೂಡಿಸಿದರು. ಅವರೆಲ್ಲರ ಮುಂದೆ ನಿಮ್ಮ ಪರ ಮಾತಾಡಿದವನು ನಾನು. ಬಾಗಿಲು ಮುಚ್ಚಿಕೊಂಡು ಕೂತರೆ ನಮ್ಮ ಮಾತು ವಿಧಾನಸೌಧಕ್ಕೆ ಹೋಗುವುದು ಹೇಗೆ ಎಂದು ಕೇಳಿದ್ದೆ. ಈಗಲೂ ನನ್ನ ಮಾತು ಅದೇ. ಅದಕ್ಕೇ ಈ ಪತ್ರವನ್ನು ನಾನೇ ಬರೆಯಬೇಕಾಯಿತು.

ನಮ್ಮ ಹಿರಿಯರಿಗೆ ಶಾಲಿನ ಮೇಲೆ ಅಷ್ಟು ಜೀವ ಯಾಕೆ ಅಂತ ಹೇಳುತ್ತೇನೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಬಿದ್ದಿತ್ತು. ಕಾಲುವೆ ಬಂದಿದೆ, ನಿಮ್ಮ ಜಮೀನಿನ ಬೆಲೆ ಏರಿದೆ, ಕರ ಕಟ್ಟಿ ಎಂದರು. ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಬೆಳೆದ ಹತ್ತಿಗೂ ಬೆಲೆ ಇರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು. ಅದರ ಕಿಚ್ಚು ಇಡೀ ರಾಜ್ಯಕ್ಕೆ ಹಬ್ಬಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅಂಥವರು ಸೇರಿ ರಾಜ್ಯ ರೈತ ಸಂಘ ಕಟ್ಟಿದ್ದು ಅದೇ ವರ್ಷ. ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಬಿದ್ದುಹೋಯಿತು. ಅದಕ್ಕೆ ರೈತರ ಸಿಟ್ಟೂ ಒಂದು ಕಾರಣ.

ನಮ್ಮ ಊರಿಗೆ ಸಂಘ ಬಂದದ್ದು ಅದಾದ ಕೆಲವು ವರ್ಷಕ್ಕೆ. ಆಗ ಸಾಲ ಕಟ್ಟದವರ ಮನೆಯ ಪಾತ್ರೆ, ಬಾಗಿಲು, ಎತ್ತು ಏನು ಸಿಕ್ಕರೂ ಜಪ್ತಿ ಮಾಡುತ್ತಿದ್ದರು. ಸಂಘದವರು ಗುಂಪಾಗಿ ಹೋಗಿ ಆ ಸಾಮಾನನ್ನು ವಾಪಸ್ ತರುತ್ತಿದ್ದರು. ಅದಕ್ಕೆ ಮರುಜಪ್ತಿ ಅಂತಲೇ ಹೆಸರು. ಸಂಘದ ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವ ಹಾಗಿಲ್ಲ ಎಂಬ ಬೋರ್ಡು ಊರ ಬಾಗಿಲಲ್ಲಿ ನಿಂತಿತು. ನಿಮಗೆ ಶಾಲು ಹೊದಿಸಿದ ಹಿರಿಯರು ಹಾಗೆ ಒಂದು ಮರುಜಪ್ತಿಯಲ್ಲಿ ಹಿತ್ತಾಳೆ ಹಂಡೆಯೊಂದನ್ನು ತಲೆ ಮೇಲೆ ಹೊತ್ತು ತಂದವರು. ಆ ಹಂಡೆ ಅವರ ಮನೆಯದಲ್ಲ, ಪಕ್ಕದ ಕೇರಿಯ ಒಬ್ಬ ಬಡವಿಯದು. ಹಂಡೆ ಇಳಿಸಿದ ಮೇಲೆ ಆಕೆ ಮುಖ ಒರೆಸಿಕೊಳ್ಳಿ ಅಂತ ಸೆರಗು ಕೊಟ್ಟಳಂತೆ. ಇವರು "ನನ್ನ ಶಾಲಿದೆಯಲ್ಲ ತಾಯಿ" ಎಂದು ಅದರಲ್ಲೇ ಒರೆಸಿಕೊಂಡರಂತೆ. ಈ ಕಥೆಯನ್ನು ಅವರು ಹೇಳುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಕೇಳುವ ನಮಗೂ ಅಷ್ಟೇ.

ರಾಜಕಾರಣಕ್ಕೂ ಈ ಶಾಲಿಗೂ ಹಗೆ ಏನಿಲ್ಲ. ಸಂಘದಿಂದಲೇ ವಿಧಾನಸಭೆಗೆ ಹೋದವರಿದ್ದಾರೆ. 1989ರಲ್ಲಿ ಬಾಬಾಗೌಡ ಪಾಟೀಲರು ಗೆದ್ದರು. ಆಮೇಲೆ ನಂಜುಂಡಸ್ವಾಮಿ ಅವರೂ ಹೋದರು. ಪಾಟೀಲರು ಮುಂದೆ ಬೇರೆ ಪಕ್ಷ ಸೇರಿ, 1998ರಲ್ಲಿ ಬೆಳಗಾವಿಯಿಂದ ಸಂಸದರಾಗಿ, ಕೇಂದ್ರದಲ್ಲಿ ಮಂತ್ರಿಯೂ ಆದರು. ಸಂಘ ಒಡೆಯುತ್ತಾ ಹೋದದ್ದಕ್ಕೆ ಇಂಥ ಹಾದಿಗಳೂ ಒಂದು ಕಾರಣ ಎನ್ನುವುದು ನನ್ನ ಅನಿಸಿಕೆ. ಕೆ.ಎಸ್. ಪುಟ್ಟಣ್ಣಯ್ಯ ಅವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. ಗೆದ್ದ ಮೇಲೂ ಅವರು ಸಂಘದವರಾಗಿಯೇ ಉಳಿದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮೂರಲ್ಲಿ ಅವರನ್ನು ಒಂದು ಸಲವೂ ನೋಡದವರು ಕೂಡ ಅತ್ತರು. ಶಾಸಕ ಅಂದರೆ ಹೀಗಿರಬೇಕು ಎಂದು ನಾವು ನಿಮ್ಮನ್ನು ನೋಡಿದ್ದು ಆ ಕಣ್ಣಿನಿಂದ.

ಈ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1867ರಲ್ಲಿ ಗ್ರೇಂಜ್ ಎಂಬ ರೈತರ ಬಳಗ ಹುಟ್ಟಿತು. ಕಾಳು ಸಾಗಿಸಲು ರೈಲು ಕಂಪನಿಗಳು, ಕೂಡಿಡಲು ಗೋದಾಮಿನವರು ಬಾಯಿಗೆ ಬಂದ ದರ ಹೇಳುತ್ತಿದ್ದ ಕಾಲ ಅದು. ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ರೈತರು ಸೇರಿದರು. ಹಿಂದೆಯೇ ರಾಜಕಾರಣಿಗಳೂ ಬಂದರು. 1874ರಲ್ಲಿ ಆ ಬಳಗದವರು ಸೇಂಟ್ ಲೂಯಿಸ್ ಎಂಬಲ್ಲಿ ಕೂತು ತಮ್ಮ ಧ್ಯೇಯ ಬರೆದುಕೊಂಡರು. ಸಭೆಯೊಳಗೆ ಪಕ್ಷದ ಮಾತು ಬೇಡ ಎಂದರು. ಅಲ್ಲಿಗೇ ಬಿಡಲಿಲ್ಲ. ಸದಸ್ಯನಾದವನು ತನ್ನ ತನ್ನ ಪಕ್ಷದೊಳಗೆ ಲಂಚ, ಮೋಸವನ್ನು ತಡೆಯಬೇಕು, ರೈತರ ಕಡೆ ಗಟ್ಟಿಯಾಗಿ ನಿಲ್ಲುವ ಪ್ರಾಮಾಣಿಕರನ್ನೇ ನಿಲ್ಲಿಸುವಂತೆ ನೋಡಿಕೊಳ್ಳಬೇಕು ಎಂದೂ ಬರೆದರು. ಅವರ ಒತ್ತಾಯದಿಂದ ಕೆಲವು ರಾಜ್ಯಗಳಲ್ಲಿ ದರಕ್ಕೆ ಮಿತಿ ಹಾಕುವ ಕಾನೂನು ಬಂತು. 1877ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ರಸೀದಿ ಪುಸ್ತಕ. ಸದಸ್ಯ ಆದ ಶಾಸಕ ಏನು ಮಾಡಬೇಕು ಅಂತ ನಾವು ಎಲ್ಲೂ ಬರೆದುಕೊಂಡಿಲ್ಲ. ಅದು ನಮ್ಮ ತಪ್ಪು. ಈ ಪತ್ರದಲ್ಲಾದರೂ ಬರೆಯುತ್ತೇನೆ.

ನಿಮ್ಮ ಕಷ್ಟವೂ ನನಗೆ ಗೊತ್ತು. 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಹೀಗೇ ಓಟು ಹಾಕಿ ಎಂದು ಪಕ್ಷ ವಿಪ್ ಕೊಟ್ಟ ಮೇಲೆ ನೀವು ಬೇರೆ ಕಡೆ ಓಟು ಹಾಕಿದರೆ ಶಾಸಕತ್ವವೇ ಹೋಗಬಹುದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದರು. ಬೇಸಾಯ ಮಾಡದವರು ಹೊಲ ಕೊಳ್ಳದಂತೆ ಇದ್ದ ಬೇಲಿ ಅದು. ಹೊರಗಿನ ಆದಾಯ ವರ್ಷಕ್ಕೆ 25 ಲಕ್ಷ ರೂಪಾಯಿ ದಾಟಿದವರಿಗೆ ಇದ್ದ ಅಡ್ಡಿಯೂ ಹೋಯಿತು. ಅಂಥ ಮಸೂದೆ ಬಂದ ದಿನ ಪಕ್ಷದ ಒಬ್ಬ ಶಾಸಕ ಒಂಟಿಯಾಗಿ ಎದ್ದು ನಿಲ್ಲುವುದು ಸುಲಭ ಅಂತ ನಾನು ಹೇಳುವುದಿಲ್ಲ.

ಆದರೆ ಪ್ರಶ್ನೆ ಕೇಳಲು ಯಾವ ವಿಪ್ ಅಡ್ಡ ಬರುತ್ತದೆ? ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ ಎಲ್ಲವೂ ನಿಮ್ಮ ಕೈಯಲ್ಲಿದೆ. ತಾಲ್ಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಸರ್ಕಾರಿ ಜಮೀನನ್ನು ಅನುಮತಿ ಇಲ್ಲದೆ ಉಳುತ್ತಾ ಬಂದವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೂ ನೀವೇ ಅಧ್ಯಕ್ಷರು. ಅಲ್ಲಿ ಪಕ್ಷದ ಹೈಕಮಾಂಡ್ ಬಂದು ಕೂರುವುದಿಲ್ಲ.

ಬಗರ್ ಹುಕುಂ ಎಂದಾಗ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ನಿಮ್ಮ ಸಹಿಯ ಮೇಲಿರುವ ಹೆಬ್ಬೆಟ್ಟು ಅವರದೇ. ಉಳುತ್ತಿರುವ ಹೊಲವನ್ನು ಸಕ್ರಮ ಮಾಡಿಕೊಡಿ ಎಂದು ಫಾರಂ 53 ಹಾಕಿ ಕಾಲು ಶತಮಾನವಾಯಿತು. ಅರ್ಜಿ ಕೊಟ್ಟಾಗ ಗಂಡ ಬದುಕಿದ್ದರು. ಸ್ವೀಕೃತಿ ಚೀಟಿಯನ್ನು ಸಕ್ಕರೆಯ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಅದನ್ನು ಒಂದು ಬಟ್ಟೆಯಲ್ಲಿ ಕಟ್ಟಿ, ರಾಗಿ ಮಡಕೆಯೊಳಗೆ ಇಡುತ್ತಾರೆ. ಇಲಿ ಕಡಿಯಬಾರದು ಅಂತ. ಮಡಿಸಿ ಮಡಿಸಿ ನಡುವೆ ಹರಿದಿದೆ. ಸೀಲಿನ ನೀಲಿ ಬಣ್ಣ ಮಾತ್ರ ಕಾಣುತ್ತದೆ, ತಾರೀಕು ಓದಲು ಆಗುವುದಿಲ್ಲ. ಎರಡು ಎಕರೆಯ ಆ ಹೊಲದಲ್ಲಿ ಈ ವರ್ಷವೂ ಹುರುಳಿ ಹಾಕಿದ್ದಾರೆ. ಪ್ರತಿ ಸಭೆಯಲ್ಲೂ ಅಜ್ಜಿ ಒಂದೇ ಮಾತು ಕೇಳುತ್ತಾರೆ: "ನಮ್ಮ ಮೆಂಬರು ಬಂದ್ರಾ?" ನಾವು ನಿಮ್ಮನ್ನು ಶಾಸಕರು ಅನ್ನುತ್ತೇವೆ, ಅಜ್ಜಿ ಮೆಂಬರು ಅನ್ನುತ್ತಾರೆ. ಅವರ ಮಾತೇ ಸರಿ.

ಈ ಅರ್ಜಿ ಇರುವ ಕಡತ ನಿಮ್ಮ ಸಮಿತಿಯ ಮುಂದೆ ಬರಬೇಕು. ಕೊಡಲು ಬರುತ್ತದೆ ಎಂದರೆ ಕೊಡಿ. ಬರುವುದಿಲ್ಲ ಎಂದರೆ ಯಾಕೆ ಅಂತ ಬರೆದುಕೊಡಿ. ನಮ್ಮ ಊರಿನ ಹೆಸರು ಬಂದ ತಕ್ಷಣ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಪಕ್ಕದ ಊರಿನಲ್ಲಿ ಸಂಘಕ್ಕೆ ಸೇರದ ಮುದುಕಿಯ ಅರ್ಜಿಗೂ ಇದೇ ನ್ಯಾಯ ಇರಬೇಕು. ಸಮಿತಿಯ ಸಭೆ ಯಾವತ್ತು ಅಂತ ಊರಿಗೆ ಮೊದಲೇ ತಿಳಿಸಿದರೆ ಅರ್ಧ ಕೆಲಸ ಆದಂತೆ.

ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅದರ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಬೇಸಿಗೆಯಲ್ಲಿ ಸುಟ್ಟ ಟಿಸಿ ಬದಲಾಗುವಷ್ಟರಲ್ಲಿ ಆರು ಮನೆಯ ಟೊಮೆಟೊ ಒಣಗಿತು. ನಿಮಗೆ ಫೋನ್ ಮಾಡಿದಾಗ ನಿಮ್ಮ ಪಿಎ ಎತ್ತಿದರು. ಸಂಘದವರು ಅಂದಾಗ "ಯಾವ ಸಂಘ?" ಎಂದು ಕೇಳಿದರು. ಟೊಮೆಟೊ ಹೋದದ್ದಕ್ಕಿಂತ ಆ ಮಾತೇ ನಮಗೆ ಹೆಚ್ಚು ನೋವು ಕೊಟ್ಟಿತು.

ನಿಮ್ಮ ಚುನಾವಣಾ ಅಫಿಡವಿಟ್ ಓದಿದ್ದೇನೆ. ಅಲ್ಲಿಯೂ ವೃತ್ತಿ ಕೃಷಿ ಅಂತಲೇ ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಈ ಪದವನ್ನು ಬಹಳ ಜನ ಬರೆಯುತ್ತಾರೆ. ನಿಮ್ಮ ಮೇಲೆ ಅನುಮಾನ ಪಟ್ಟು ಹೇಳುತ್ತಿಲ್ಲ. ಆದರೆ ಸಂಘದಲ್ಲಿ ಒಂದು ರೂಢಿ ಇದೆ. ಈ ವರ್ಷ ಯಾವ ಹೊಲಕ್ಕೆ ಏನು ಹಾಕಿದೆ, ಎಷ್ಟು ಸಾಲ ಇದೆ, ಎಷ್ಟು ಮಾರಿದೆ ಅಂತ ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ. ಮುಚ್ಚಿಡುವುದಿಲ್ಲ. ನೀವೂ ಬಂದು ಹೇಳಿ. ನಿಮ್ಮ ಹೊಲದ ಬೆಳೆಗೆ ಬೆಂಬಲ ಬೆಲೆ ಸಿಕ್ಕಿತಾ, ಖರೀದಿ ಕೇಂದ್ರದಲ್ಲಿ ಎಷ್ಟು ದಿನ ಕಾದಿರಿ, ಹೇಳಿ. ಕಾಯದೇ ಇದ್ದರೆ ಅದನ್ನೂ ಹೇಳಿ. ನಾವು ಕೇಳಿಸಿಕೊಳ್ಳುತ್ತೇವೆ.

ಒಂದು ಹಳೆಯ ನೋವನ್ನೂ ಇಲ್ಲಿ ಹೇಳಿಬಿಡುತ್ತೇನೆ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ಅವರು ರೈತರ ಹೆಸರಿನಲ್ಲೂ ಪ್ರಮಾಣವಚನ ತೆಗೆದುಕೊಂಡರು. ಟಿವಿ ಮುಂದೆ ಕೂತ ನಮಗೆಲ್ಲ ಖುಷಿ ಆಯಿತು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ನಡುವೆ ಹನ್ನೊಂದೇ ದಿನ. 1980ರಲ್ಲಿ ಒಂದು ಪಕ್ಷದ ಸರ್ಕಾರ, 2008ರಲ್ಲಿ ಇನ್ನೊಂದು. ಅದಕ್ಕೇ ಹಸಿರು ಶಾಲು ಹೊದ್ದವರನ್ನು ಕಂಡ ತಕ್ಷಣ ನಮ್ಮ ಹಿರಿಯರು ಚಪ್ಪಾಳೆ ತಟ್ಟುವುದಿಲ್ಲ. ಸುಮ್ನೆ ಕೂತು ನೋಡುತ್ತಾರೆ.

ಸಂಘದೊಳಗೆ ನಾವು ಒಬ್ಬರನ್ನೊಬ್ಬರು ಅಣ್ಣ ಎನ್ನುತ್ತೇವೆ, ಅಕ್ಕ ಎನ್ನುತ್ತೇವೆ. ಹತ್ತು ಗುಂಟೆಯವನಿಗೂ ಹತ್ತು ಎಕರೆಯವನಿಗೂ ಅದೇ ಚಾಪೆ. ನೀವು ರಸೀದಿ ತೆಗೆದುಕೊಂಡ ದಿನದಿಂದ ನಿಮಗೂ ಅದರಲ್ಲಿ ಜಾಗ ಇದೆ. ಹಾಗಾಗಿ ಇನ್ನು ಮುಂದಿನದನ್ನು ಶಾಸಕರಿಗೆ ಅಲ್ಲ, ಅಣ್ಣನಿಗೆ ಹೇಳುತ್ತೇನೆ.

ಅಣ್ಣಾ, ನಮ್ಮ ಸಭೆ ಪ್ರತಿ ಅಮಾವಾಸ್ಯೆ ದಿನ. ಅವತ್ತು ನಮ್ಮ ಕಡೆ ಎತ್ತಿಗೆ ನೊಗ ಹಾಕುವುದಿಲ್ಲ, ಎಲ್ಲರಿಗೂ ಬಿಡುವಿರುತ್ತದೆ. ಬೆಳಗ್ಗೆ ಹತ್ತಕ್ಕೆ ಶುರು. ಪೊಲೀಸರು, ಹಾರ, ಮೈಕು ಬೇಡ. ಪಕ್ಷದ ಬಾವುಟ ಕಾರಿನಲ್ಲೇ ಇರಲಿ. ಎರಡು ಗಂಟೆ ಕೂರಬೇಕು, ಮಧ್ಯದಲ್ಲಿ ಎದ್ದು ಹೋಗಬಾರದು. ಕಳೆದ ಅಧಿವೇಶನದಲ್ಲಿ ರೈತರ ವಿಷಯಕ್ಕೆ ಏನು ಕೇಳಿದಿರಿ, ಏನು ಉತ್ತರ ಬಂತು ಅಂತ ಹೇಳಬೇಕು. ಬೈಗುಳ ಬರಬಹುದು, ಕೇಳಿಸಿಕೊಳ್ಳಬೇಕು. ನಾಲ್ಕು ತಿಂಗಳಿಗೊಮ್ಮೆ ಬಂದರೂ ಸಾಕು.

ಇದು ಆಗುವುದಿಲ್ಲ ಎಂದರೆ ಅದನ್ನೂ ನೇರವಾಗಿ ಹೇಳಿಬಿಡಿ. ನಮಗೆ ಹಗೆ ಇಲ್ಲ. ನೀವು ನಮ್ಮ ಶಾಸಕರಾಗಿಯೇ ಇರುತ್ತೀರಿ, ನಮ್ಮ ಅರ್ಜಿ ಹಿಡಿದು ಎಲ್ಲರ ಹಾಗೆ ನಿಮ್ಮ ಬಾಗಿಲಿಗೆ ಬರುತ್ತೇವೆ. ಆದರೆ ಶಾಲು ವಾಪಸ್ ಕೊಡಬೇಕು. ಅದು ಅಂಗಡಿಯಿಂದ ತಂದ ಶಾಲಲ್ಲ. ಒಂದು ಮೂಲೆಯಲ್ಲಿ ಬಿಳಿ ದಾರದಲ್ಲಿ ಹೊಲಿದ ಗುರುತಿದೆ, ನೋಡಿ. ಹಿರಿಯರ ಹೆಂಡತಿ ಹೊಲಿದದ್ದು. ಆಕೆ ಈಗಿಲ್ಲ.

ಬರುವ ಅಮಾವಾಸ್ಯೆಗೆ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು, ಮುಂದಿನ ಜಾಗ ಖಾಲಿ ಬಿಟ್ಟಿರುತ್ತೇನೆ. ಹೊಸ ಕಾರ್ಬನ್ ಹಾಳೆಯನ್ನೂ ತಂದಿಟ್ಟಿದ್ದೇನೆ. ಈ ವರ್ಷದ ಚಂದಾ ನೀವಿನ್ನೂ ಕಟ್ಟಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ,
ಸಂಘದ ಗ್ರಾಮ ಘಟಕದ ಕಾರ್ಯದರ್ಶಿ